ರಂಗತ್ತೆ ಮೈಸೂರಿಗೆ ಹೊರಟದ್ದು

ಆಗೆಲ್ಲ ನಮ್ಮ ಬೀದಿಯಲ್ಲಿ ಮನುಷ್ಯರ ದನಿ ಕೇಳಬೇಕಾದರೆ ಕರೆಂಟು ಹೋಗಬೇಕಿತ್ತು. ಕೊಯಮತ್ತೂರು ಕಡೆ, ಸೋಮನೂರಿನ ಹತ್ತಿರದ ಬೀದಿ ಅದು. ಮನೆಗೊಂದು ಶೆಡ್ಡು, ಶೆಡ್ಡಿಗೆ ನಾಲ್ಕೋ ಎಂಟೋ ಪವರ್‌ಲೂಮು. ನಾವು ಅವನ್ನು ತರಿ ಅನ್ನುತ್ತಿದ್ದೆವು. ತಮಿಳಿನ ಮಾತು, ನಮ್ಮ ಬಾಯಲ್ಲಿ ಕನ್ನಡವೇ ಆಗಿಹೋಗಿತ್ತು. ನಾನು ಕಣ್ಣು ಬಿಡುವ ಮೊದಲೇ ಅವುಗಳ ಸದ್ದು ಶುರುವಾಗಿರುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಸ್ಟೀಲ್ ಲೋಟ ಸುಮ್ಮನೆ ನಡುಗುತ್ತಿತ್ತು. ಸಾರಿನಲ್ಲಿ ಒಮ್ಮೊಮ್ಮೆ ಹತ್ತಿಯ ಎಳೆ ಸಿಗುತ್ತಿತ್ತು, ಅದನ್ನು ಬೆರಳಿಂದ ತೆಗೆದು ತಟ್ಟೆಯ ಅಂಚಿಗೆ ಅಂಟಿಸಿ ಊಟ ಮುಂದುವರಿಸುತ್ತಿದ್ದೆವು. ಕರೆಂಟು ಹೋಯಿತೋ, ಇಡೀ ಬೀದಿ ಹೊರಗೆ. ಗಂಡಸರು ಟೀ ಅಂಗಡಿಗೆ, ನಾವು ಹುಡುಗಿಯರು ಇದ್ದಿಲಿನಲ್ಲಿ ಮನೆ ಬರೆದು ಕುಂಟೆಬಿಲ್ಲೆಗೆ. ಕಿರುಚಿ ಕಿರುಚಿ ಅಭ್ಯಾಸವಾದ ಹೆಂಗಸರು ಸದ್ದಿಲ್ಲದ ಬೀದಿಯಲ್ಲೂ ಅದೇ ಗಂಟಲಲ್ಲಿ ಮಾತಾಡುತ್ತಿದ್ದರು.

ನಮ್ಮ ಮನೆಯಲ್ಲಿ ಕನ್ನಡ. ಎಷ್ಟು ತಲೆಮಾರಿನ ಹಿಂದೆ ಈ ಕಡೆ ಬಂದೆವೋ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಓದಲು ಬರೆಯಲು ಒಬ್ಬರಿಗೂ ಬರುತ್ತಿರಲಿಲ್ಲ. ಹೊಸ್ತಿಲು ದಾಟಿದರೆ ತಮಿಳು, ಒಳಗೆ ಬಂದರೆ ಕನ್ನಡ. ಆ ಕನ್ನಡದಲ್ಲೂ ಅರ್ಧ ತಮಿಳೇ.

ಮನೆಯಲ್ಲಿ ಐದು ಜನ. ಅಪ್ಪ, ಅಮ್ಮ, ನಾನು, ತಮ್ಮ ಮಣಿ, ರಂಗತ್ತೆ. ರಂಗತ್ತೆ ಅಪ್ಪನ ಅಕ್ಕ. ಮದುವೆಯಾದ ಮೂರು ತಿಂಗಳಿಗೆ ತವರಿಗೆ ವಾಪಸ್ಸು ಬಂದವಳು. ಯಾಕೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದವರಿಗೆ ಅವಳು, "ಅಲ್ಲಿ ತರಿ ಸರಿಯಿರ್ಲಿಲ್ಲ" ಎಂದಷ್ಟೇ ಹೇಳುತ್ತಿದ್ದಳಂತೆ. ನಮ್ಮ ಎಂಟು ತರಿಗಳಲ್ಲಿ ನಾಲ್ಕನ್ನು ಓಡಿಸುತ್ತಿದ್ದವಳು ಅವಳು. ಸೀರೆಯ ಮೇಲೆ ಅಪ್ಪನ ಹಳೇ ಶರ್ಟು, ತಲೆಗೆ ಟವಲು, ಸಂಜೆಯ ಹೊತ್ತಿಗೆ ರೆಪ್ಪೆಯ ಮೇಲೆಲ್ಲ ಹತ್ತಿಯ ದೂಳು. ನೇಯ್ದ ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿ, ಕಣ್ಣು ಮುಚ್ಚಿಕೊಂಡೇ ಎಳೆ ತಪ್ಪಿದ ಜಾಗ ತೋರಿಸುತ್ತಿದ್ದಳು. ಎಡಗಿವಿ ಆಗಲೇ ಅಷ್ಟಕ್ಕಷ್ಟೆ.

ಮದುವೆಯೋ, ಗೃಹಪ್ರವೇಶವೋ, ಪಳನಿಯೋ, ಎಲ್ಲಿಗೆ ಹೊರಟರೂ ನಾವು ನಾಲ್ಕು ಜನ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಜಡೆ ಸರಿಮಾಡಿ ಒಳಗೆ ಹೋಗುತ್ತಿದ್ದಳು. ಅವಳನ್ನು ಬರಬೇಡ ಎಂದವರು ಯಾರೂ ಇಲ್ಲ. ಬಾ ಎಂದವರೂ ಇರಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ, ಬೇಸಿಗೆ ಇನ್ನೇನು ಬಂತು ಎನ್ನುವಾಗ, ನಮ್ಮ ಗಣಿತದ ಶಾಂತಿ ಮಿಸ್ ಒಂದು ಪ್ರಾಜೆಕ್ಟು ಕೊಟ್ಟರು. ಇಬ್ಬಿಬ್ಬರು ಸೇರಿ ಒಂದು ಕುಟುಂಬದ ರಜಾ ಪ್ರವಾಸವನ್ನು ಯೋಜಿಸಬೇಕು. ಎರಡು ದಿನ, ಹತ್ತು ಸಾವಿರ ರೂಪಾಯಿ, ನಾಲ್ಕು ಜನ. ಮೊದಲ ಪುಟದಲ್ಲಿ ಮನೆಯವರ ಆಸೆಗಳು, ಎರಡನೆಯದರಲ್ಲಿ ಬಸ್ಸು ರೈಲಿನ ವಿವರ, ಮೂರನೆಯದರಲ್ಲಿ ಖರ್ಚು. ಇಪ್ಪತ್ತು ಮಾರ್ಕು.

ನನ್ನ ಜೊತೆಗೆ ಬಿದ್ದವಳು ಸಹನಾ. ಅವಳಪ್ಪ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಇಂಜಿನಿಯರು. ಮೈಸೂರಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕ್ಲಾಸಿನಲ್ಲಿ ಕನ್ನಡ ಗೊತ್ತಿದ್ದವರು ನಾವಿಬ್ಬರೇ ಎಂದು ಮಿಸ್ ನಮ್ಮನ್ನು ಒಂದೇ ಬೆಂಚಿಗೆ ಹಾಕಿದ್ದರು. ಅದರಿಂದ ಸ್ನೇಹ ಬೆಳೆಯುತ್ತದೆ ಎಂದು ಅವರ ಲೆಕ್ಕ. ಮೊದಲ ದಿನವೇ ಮಧ್ಯಾಹ್ನ ನಾನು ಸಹನಾಳನ್ನು, "ಕೂಳು ಉಂಡ್ಯಾ?" ಎಂದು ಕೇಳಿದೆ. ಅವಳ ಮುಖ ಕೆಂಪಾಯಿತು.

"ಯಾಕೆ ಬೈತೀಯಾ?"

"ನಾನೆಲ್ಲಿ ಬೈದೆ?"

"ಕೂಳು ಅಂದ್ರೆ ಬೈಗುಳ ಕಣೇ. ಊಟ ಆಯ್ತಾ ಅನ್ಬೇಕು. ನಿಮ್ಮದು ಕನ್ನಡಾನೇ ಅಲ್ಲ."

ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಡಬ್ಬಿ ಬಿಚ್ಚಿ ಅವಳ ಮುಂದೆ ಇಟ್ಟು, "ಇದು ಕೂಳು. ನಮ್ಮನೇಲಿ ನೂರು ವರ್ಷದಿಂದ ಇದನ್ನೇ ಉಣ್ಣೋದು" ಎಂದೆ. ಅವಳು ಸ್ವಲ್ಪ ಹೊತ್ತು ನೋಡಿ, ನನ್ನ ಡಬ್ಬಿಯಿಂದ ಹುರುಳಿಕಾಳಿನ ಚಟ್ನಿ ತೆಗೆದುಕೊಂಡಳು. ಆಮೇಲೆ ದಿನಾ ತೆಗೆದುಕೊಂಡಳು.

ಪ್ರಾಜೆಕ್ಟಿಗೆ ಯಾರ ಕುಟುಂಬ ಎಂಬ ಪ್ರಶ್ನೆ ಬಂತು. ಅವರು ಊರೂರು ತಿರುಗಿದವರು, ಬರೆಯುವುದಕ್ಕೆ ಹೊಸದೇನಿಲ್ಲ ಎಂದು ಸಹನಾಳೇ ಹೇಳಿದಳು. ಹಾಗೆ ನಮ್ಮ ಮನೆ ಆಯಿತು. ನಾನು ನೋಟ್‌ಬುಕ್ಕು ಹಿಡಿದು ಮನೆಯವರನ್ನು ಕೇಳಲು ಹೊರಟೆ. ಅದೇ ವಾರ ತರಿಗಳು ನಿಂತಿದ್ದವು.

ಕರೆಂಟು ಹೋಗಿ ನಿಂತದ್ದಲ್ಲ. ನಿಲ್ಲಿಸಿದ್ದು. ವ್ಯಾಪಾರಿಗಳು ನೂಲು ಕೊಡುತ್ತಿದ್ದರು, ನಾವು ನೇಯ್ದು ಬಟ್ಟೆ ಕೊಡುತ್ತಿದ್ದೆವು, ಮೀಟರಿಗೆ ಇಷ್ಟು ಅಂತ ಕೂಲಿ. ಆ ಕೂಲಿ ವರ್ಷಗಳಿಂದ ಏರಿರಲಿಲ್ಲ. ಏರಿಸುವವರೆಗೆ ಓಡಿಸುವುದಿಲ್ಲ ಎಂದು ಸುತ್ತಲಿನ ಊರುಗಳ ತರಿಯವರೆಲ್ಲ ಸ್ವಿಚ್ಚು ಆರಿಸಿದ್ದರು. ಬೀದಿಯೆಲ್ಲ ಹೆಪ್ಪುಗಟ್ಟಿದ ಹಾಗಿತ್ತು. ಅಮ್ಮ ಮಾಮೂಲಿನಂತೆ ಕೂಗಿ ಕರೆದು, ತನ್ನ ದನಿಗೆ ತಾನೇ ಬೆಚ್ಚುತ್ತಿದ್ದಳು.

ಎಲ್ಲಿಗೆ ಹೋಗೋ ಆಸೆ ಎಂದು ಕೇಳಿದ್ದಕ್ಕೆ ಮಣಿ ತಿಮಿಂಗಿಲ ಇರುವ ಸಮುದ್ರ ಎಂದ. ಅಮ್ಮ, "ಬೇರೆ ಯಾರಾದ್ರೂ ಬೇಸಿ ಹಾಕೋ ಕಡೆ ಎಲ್ಲಾದ್ರೂ ಸರಿ" ಎಂದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ನಿದ್ದೆ" ಎಂದ. ಅದನ್ನೇ ಬರೆದುಕೊಂಡೆ.

ಅತ್ತೆ ಶೆಡ್ಡಿನಲ್ಲಿದ್ದಳು. ಓಡದ ತರಿಗೆ ಎಣ್ಣೆ ಒರೆಸುತ್ತಿದ್ದಳು. ನಿಂತ ಮೋಟಾರಿನ ಗ್ರೀಸು, ಗಂಜಿ ಹಾಕಿದ ನೂಲು ಎರಡರದೂ ವಾಸನೆ ಬೆರೆತು ಅಲ್ಲೇ ಕೂತಿತ್ತು.

"ಅತ್ತೆ, ನಿನಗೆಲ್ಲಿ ಹೋಗ್ಬೇಕು?"

"ನನ್ಯಾಕ್ ಕಣ್ಣು ಕೇಳ್ತಿಯ? ನಾನೆಲ್ಲಿ ಬತ್ತೀನಿ?" ಕಣ್ಣು ಎಂದರೆ ಮುದ್ದು. ನಮ್ಮ ಕಡೆ ಮಕ್ಕಳನ್ನು ಕರೆಯುವುದು ಹಾಗೆ.

"ಬರೋದು ಬಿಡೋದು ಆಮೇಲೆ. ಆಸೆ ಹೇಳು. ಮಾರ್ಕಿದೆ."

ಅವಳು ಬಟ್ಟೆ ಪಕ್ಕಕ್ಕಿಟ್ಟು ಯೋಚಿಸಿದಳು. ನಾನು ಸಮುದ್ರ, ಬೆಟ್ಟ, ದೇವಸ್ಥಾನ ಏನಾದರೂ ಬರುತ್ತದೆ ಎಂದುಕೊಂಡಿದ್ದೆ.

"ಬೀದೀಲಿ ನಮ್ಮ ಮಾತು ಆಡೋ ಊರು ಇದೆಯಂತಲ್ಲ," ಎಂದಳು. "ಅಂಗಡಿಯವರು, ಬಸ್ಸಿನವರು, ಎಲ್ಲಾರೂ. ಅಂಥ ಊರಿಗೆ ಹೋಗಿ ಒಂದು ಸಲ ಜಗಳ ಆಡ್ಬೇಕು."

"ಜಗಳಾನಾ?"

"ಹೂಂ. ಇಷ್ಟು ವರ್ಷ ತಮಿಳಲ್ಲೇ ಆಡ್ದೆ. ಪಾತ್ರೆಯವನ ಜೊತೆ, ಕಂಡಕ್ಟರ್ ಜೊತೆ, ನೂಲಿನವನ ಜೊತೆ. ಆಡ್ತಾ ಆಡ್ತಾ ನಡುವೆ ಮಾತು ನಿಂತೋಗತ್ತೆ. ನಮ್ಮ ಮಾತಲ್ಲಾದ್ರೆ ನಿಲ್ಲಲ್ಲ ನೋಡು."

ಇದನ್ನು ಸಹನಾಳಿಗೆ ಓದಿ ಹೇಳಿದಾಗ ಅವಳು ನಗಲಿಲ್ಲ. "ಹಾಗಾದ್ರೆ ಮೈಸೂರು" ಎಂದಳು. ಸತ್ಯಮಂಗಲ, ದಿಂಬಂ ಘಾಟಿ, ಚಾಮರಾಜನಗರ, ಮೈಸೂರು. ಬಸ್ಸುಗಳೆಲ್ಲ ಅವಳಿಗೆ ಬಾಯಿಪಾಠ. ಉಳಿಯುವುದಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಛತ್ರ ಹೇಳಿದಳು. ಹೋಗುವಾಗಿನ ಮೂರು ಹೊತ್ತಿಗೆ ಮನೆಯಿಂದಲೇ ಹುಳಿಯನ್ನ ಕಟ್ಟಿಕೊಂಡು ಹೋಗುವುದು. ಐದು ಜನಕ್ಕೆ ಎಲ್ಲ ಕೂಡಿಸಿದರೂ ಮಿಸ್ ಕೊಟ್ಟ ಹಣದ ಅರ್ಧ ದಾಟಲಿಲ್ಲ. ಉಳಿದವರೆಲ್ಲ ಊಟಿ ಕೊಡೈಕೆನಾಲ್‌ಗಳ ಹೋಟೆಲಿನ ಚಿತ್ರ ಅಂಟಿಸುತ್ತಿದ್ದರೆ, ನಮ್ಮ ಚಾರ್ಟಿನಲ್ಲಿ ಒಂದು ಬಸ್ಸು, ಒಂದು ಬುತ್ತಿ ಡಬ್ಬಿ, ಸಹನಾ ಬರೆದ ಒಂದು ಅರಮನೆ.

ಕರಡು ತೋರಿಸುವ ದಿನ ಶಾಂತಿ ಮಿಸ್ ಪೆನ್ನಿನ ಹಿಂಬದಿಯಿಂದ ಐದನೆಯ ಸಾಲನ್ನು ತಟ್ಟಿದರು. ಮಿಸ್ ಕೆಟ್ಟವರಲ್ಲ. ನಲವತ್ತೆಂಟು ಮಕ್ಕಳ ಕ್ಲಾಸು ಅವರದು, ಸಂಜೆಯೊಳಗೆ ಗಂಟಲು ಕೂತುಹೋಗಿರುತ್ತಿತ್ತು.

"ನಾಲ್ಕು ಜನ ಅಂದಿದ್ದೆನಲ್ಲಮ್ಮಾ. ಇದು ಯಾರು?"

"ನಮ್ಮತ್ತೆ, ಮಿಸ್."

"ಕುಟುಂಬ ಅಂದ್ರೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಅತ್ತೆ ಅಂದ್ರೆ ನೆಂಟರು. ತೆಗೆದು ಇನ್ನೊಂದು ಸಲ ಲೆಕ್ಕ ಮಾಡಿ."

"ನಮ್ಮನೇಲಿ ಅತ್ತೆ ನೆಂಟರಲ್ಲ ಮಿಸ್. ನಮ್ಮ ಜೊತೇನೇ ಇರ್ತಾರೆ."

"ಇರ್ಲಿ. ಎಲ್ಲರ ಲೆಕ್ಕಾನೂ ಒಂದೇ ಥರ ಇದ್ರೆ ತಾನೇ ನಾನು ತಿದ್ದೋಕಾಗೋದು? ತೆಗೀಲಿಲ್ಲ ಅಂದ್ರೆ ಮಾರ್ಕು ಹೋಗತ್ತೆ. ಇಬ್ಬರದೂ."

ಇಬ್ಬರದೂ ಎಂದಾಗ ನಾನು ಸಹನಾಳ ಕಡೆ ನೋಡಿದೆ. ಅವಳು ಕ್ಲಾಸಿಗೆ ಎರಡನೆಯವಳು. ಮೊದಲನೆಯವಳಾಗಲು ಅವಳಿಗೆ ಬೇಕಿದ್ದದ್ದು ಇಂಥ ನಾಲ್ಕೈದು ಮಾರ್ಕೇ. ಹೊರಗೆ ಬಂದ ಮೇಲೆ ಅವಳು, "ಸುಮ್ನೆ ತೆಗೆದುಬಿಡೋಣ ಕಣೇ, ನಿಜವಾಗ್ಲೂ ಹೋಗ್ತೀವಾ ಏನು?" ಎಂದಳು.

ಆ ಮಾತು ನನಗೆ ಚುಚ್ಚಿತು. ನಿಜವಾಗಿ ಹೋಗುವಾಗಲೂ ಅತ್ತೆ ಇಲ್ಲ, ಸುಳ್ಳು ಸುಳ್ಳೇ ಹೋಗುವಾಗಲೂ ಅವಳಿಲ್ಲ ಅಂದರೆ ಹೇಗೆ? "ನೀನು ಬೇಕಾದ್ರೆ ಬೇರೆ ಜೋಡಿ ಕೇಳ್ಕೋ. ನಾನು ತೆಗೆಯಲ್ಲ" ಎಂದೆ. ಸಹನಾ ಮನೆಗೆ ಹೋದಳು. ಮರುದಿನ ಬಂದು, "ಅಮ್ಮನ್ನ ಕೇಳ್ದೆ. ಹಾಗೇ ಇರ್ಲಿ ಅಂದ್ರು" ಎಂದಳು. ಅವಳಮ್ಮ ಹಾಗೆ ಅಂದಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಕರಡಿಗೆ ಮನೆಯವರ ಸಹಿ ಬೇಕಿತ್ತು. ಅಪ್ಪ ಚಾರ್ಟನ್ನು ಮಂಚದ ಮೇಲೆ ಹರಡಿ ಒಂದೊಂದೇ ಸಾಲು ಓದಿದ. ಮಗಳು ಘಾಟಿ ಬಸ್ಸಿನ ಹೊತ್ತನ್ನೂ ಬರೆದಿದ್ದಾಳಲ್ಲ ಎಂದು ಅವನಿಗೆ ಖುಷಿ. ಐದನೆಯ ಹೆಸರಿಗೆ ಬಂದಾಗ ನಕ್ಕ.

"ಅಕ್ಕ ಬಂದ್ರೆ ಮನೆ ನೋಡೋರು ಯಾರು?"

"ತರಿ ನಿಂತಿದೆಯಲ್ಲಪ್ಪಾ. ನೋಡೋಕೆ ಏನಿದೆ?"

ಅಪ್ಪನ ನಗು ಹೋಯಿತು. ತರಿ ನಿಂತದ್ದನ್ನು ಮನೆಯಲ್ಲಿ ಯಾರೂ ಅಷ್ಟು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಾಗಿಲ ಹತ್ತಿರ ಕೂತು ಅವರೆ ಬಿಡಿಸುತ್ತಿದ್ದ ಅತ್ತೆ, "ಬುಡು ಕಣ್ಣು, ಅದೆಲ್ಲ ಪೇಪರಲ್ಲಿ ತಾನೆ. ನನ್ನೆಸ್ರು ತೆಗೆದಾಕು" ಎಂದಳು.

"ತೆಗೆಯಲ್ಲ" ಎಂದೆ.

"ದೊಡ್ಡೋರು ಹೇಳಿದ್ರೆ ಕೇಳ್ಬೇಕು" ಎಂದ ಅಪ್ಪ.

"ಮಿಸ್ ಹೇಳಿದ್ರೂ ತೆಗೀಲಿಲ್ಲ. ಮಾರ್ಕು ಹೋದ್ರೂ ತೆಗೆಯಲ್ಲ."

ಅಮ್ಮ ಅಡುಗೆಮನೆಯಿಂದ ಬಂದು ನಿಂತಳು. ನನಗೆ ಏಟು ಬೀಳುತ್ತದೆ ಎಂದೇ ಅಂದುಕೊಂಡೆ. ಅವಳು ಅಪ್ಪನಿಗೆ ಪೆನ್ನು ಕೊಟ್ಟು, "ಸೈನ್ ಮಾಡಿ ಕೊಡಿ, ಇಸ್ಕೂಲಿಗೆ ಹೊತ್ತಾಗ್ತಾ ಇದೆ" ಎಂದಷ್ಟೇ ಹೇಳಿದಳು. ಅಪ್ಪ ಸಹಿ ಮಾಡಿದ.

ಅಲ್ಲಿಗೆ ಅದು ಮುಗಿಯಬೇಕಿತ್ತು. ಮುಗಿಯದ ಹಾಗೆ ಮಾಡಿದವನು ನೂಲಿನ ವ್ಯಾಪಾರಿಯ ಮೇನೇಜರು.

ತರಿ ನಿಂತು ಎರಡು ವಾರ ದಾಟಿತ್ತು. ಟೀ ಅಂಗಡಿಯಲ್ಲಿ ಗಂಡಸರು ಈಗ ಇಬ್ಬರಿಗೆ ಒಂದು ಟೀ ಕುಡಿಯುತ್ತಿದ್ದರು. ಒಂದು ಬೆಳಗ್ಗೆ ಮೇನೇಜರು ಬೈಕಿನಲ್ಲಿ ಬಂದು, ಇಳಿಯದೆ, ಒಂದು ಕಾಲು ನೆಲಕ್ಕೂರಿ ನಮ್ಮ ಅಂಗಳದಲ್ಲಿ ನಿಂತ. ನಾನು ಶಾಲೆಗೆ ಹೊರಟಿದ್ದೆ. ಮನೆಯವರೆಲ್ಲ ಹೊರಗೇ ಇದ್ದರು. ಅವನು ತಮಿಳಿನಲ್ಲಿ, ನಗುತ್ತಲೇ ಕೇಳಿದ: "ಏನಣ್ಣಾ, ಇನ್ನೂ ಎಷ್ಟು ದಿನ ಈ ಆಟ? ಒಳಗೆ ಅಕ್ಕಿ ಇದೆಯೋ ಇಲ್ಲವೋ? ಹಸಿವಾದ ಮೇಲೆ ಎಲ್ಲರೂ ಬರೋದು ನಮ್ಮ ಬಾಗಿಲಿಗೇ. ಶನಿವಾರ ಸ್ವಿಚ್ಚು ಹಾಕಿ, ಹಳೇ ಕೂಲಿಗೇ ನೂಲು ಕಳಿಸ್ತೀನಿ."

ಅಪ್ಪ ಜಗಳಗಂಟನಲ್ಲ. ವ್ಯಾಪಾರಿಗಳ ಮುಂದೆ ಭುಜದ ಟವಲು ತಾನಾಗಿ ಕೈಗೆ ಬರುತ್ತಿದ್ದ ಮನುಷ್ಯ. ಆ ದಿನ ಟವಲು ಭುಜದಲ್ಲೇ ಉಳಿಯಿತು.

"ಶನಿವಾರ ಆಗಲ್ಲ," ಎಂದ. "ಶನಿವಾರ ನಾವು ಮೈಸೂರಿಗೆ ಹೋಗ್ತಾ ಇದೀವಿ."

"ಮೈಸೂರಿಗಾ? ಏನು ವಿಶೇಷ?"

"ವಿಶೇಷ ಏನಿಲ್ಲ. ಟೂರು. ಐದು ಜನಾನೂ."

ಮೇನೇಜರು ನಮ್ಮನ್ನೆಲ್ಲ ಒಮ್ಮೆ ನೋಡಿದ. ನಾನೂ ಅಪ್ಪನ ಮುಖ ನೋಡಿದೆ. ಐದು ಎಂದು ಅವನು ಬೇಕೆಂದೇ ಹೇಳಿದನೋ, ಬಾಯಿಗೆ ಬಂದದ್ದೋ ತಿಳಿಯಲಿಲ್ಲ. ಬೈಕು ಬೀದಿ ದಾಟಿತು. ಆಮೇಲೆ ಅಪ್ಪ ಜಗಲಿಯ ಮೇಲೆ ಕೂತು, "ಹೇಳ್ಬುಟ್ನಲ್ಲ" ಎಂದ.

"ಹೇಳಿದ್ಮೇಲೆ ಹೋಗ್ಬೇಕು," ಎಂದಳು ಅಮ್ಮ. "ಹಬ್ಬದ ಬಟ್ಟೆಗೆ ಅಂತ ಇಟ್ಟಿರೋದು ಇದೆ. ಈ ಸಲ ಬಟ್ಟೆ ಬೇಡ."

"ಊರವ್ರು ಏನಂತಾರೆ? ತರಿ ನಿಲ್ಸಿ ಟೂರು ಹೊರಟ್ರು ಅಂತ ನಗ್ತಾರೆ."

ಅದಕ್ಕೆ ಉತ್ತರ ಕೊಟ್ಟವಳು ಅತ್ತೆ. "ನಗ್ಲಿ. ಹಸ್ಕೊಂಡು ಕೂತವ್ರೆ ಅಂತ ಅವನು ಅಂದ್ಕೊಳ್ಳೋದಕ್ಕಿಂತ ಇದು ವಾಸಿ." ಒಳಗೆ ಹೋದವಳು, ಹಳೇ ಟ್ರಂಕಿನಿಂದ ಒಂದು ನೇರಳೆ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಅದರ ಮಡಿಕೆಯಲ್ಲಿದ್ದ ನುಸಿಗುಳಿಗೆಯ ವಾಸನೆ ಸಂಜೆಯವರೆಗೆ ಅಂಗಳದಲ್ಲಿತ್ತು. ಆ ಸೀರೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಊರವರು ನಗಲಿಲ್ಲ. ಸುದ್ದಿ ಟೀ ಅಂಗಡಿಗೆ ತಲುಪಿ, ಶುಕ್ರವಾರ ಸಂಜೆಯೊಳಗೆ ಎದುರುಮನೆಯವರು ಅರ್ಧ ಕಿಲೋ ಕಡಲೆಕಾಯಿ, ಪಕ್ಕದವರು ಒಂದು ಪ್ಲಾಸ್ಟಿಕ್ ಬುಟ್ಟಿ ತಂದುಕೊಟ್ಟರು. ಸಹನಾ ಒಂದು ಹಾಳೆಯಲ್ಲಿ ಮೈಸೂರು, ಚಾಮರಾಜನಗರ, ಸತ್ಯಮಂಗಲ ಎಂದು ಕನ್ನಡದಲ್ಲಿ ದಪ್ಪಗೆ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಅದೇ ಹೆಸರುಗಳನ್ನು ಬರೆದುಕೊಟ್ಟಳು. "ಬೋರ್ಡಿನ ಆಕಾರ ನೋಡಿ ಇದಕ್ಕೆ ಹೋಲಿಸು, ಸಾಕು" ಎಂದಳು.

ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಮಣಿ ಮೂರು ಸಲ ವಾಂತಿ ಮಾಡಿದ. ಅತ್ತೆ ಕಿಟಕಿಯ ಕಂಬಿ ಹಿಡಿದು ಕತ್ತು ಹೊರಗೆ ಹಾಕಿ ಕೂತಿದ್ದಳು. ಕಾಡು ದಾಟಿದ ಮೇಲೆ ಅಂಗಡಿಗಳ ಬೋರ್ಡು ಬದಲಾದವು. ಗುಂಡಗಿನ ಅಕ್ಷರಗಳು. ನಮ್ಮ ಭಾಷೆ ನೋಡಲು ಹೀಗಿರುತ್ತದೆ ಎಂದು ಸಹನಾಳ ಹಾಳೆಯ ಆಚೆಗೆ ನಾವು ಐದು ಜನ ಮೊದಲ ಸಲ ನೋಡುತ್ತಿದ್ದೆವು, ಒಬ್ಬರಿಗೂ ಒಂದಕ್ಷರ ಬರುತ್ತಿರಲಿಲ್ಲ. ಚಾಮರಾಜನಗರದಲ್ಲಿ ನಾನು ಹಾಳೆ ಹಿಡಿದು ಬಸ್ಸಿನಿಂದ ಬಸ್ಸಿಗೆ ಓಡಿದೆ. "ಇದೇ ಮೈಸೂರು" ಎಂದು ಕೂಗಿದಾಗ ಅಪ್ಪ ಪಕ್ಕದವರನ್ನು ಕೇಳಿ ಖಾತ್ರಿ ಮಾಡಿಕೊಂಡೇ ಹತ್ತಿದ. ಸರಿಯಾಗಿಯೇ ಇತ್ತು.

ಭಾನುವಾರ ಬೆಳಗ್ಗೆ ಅರಮನೆ ನೋಡಿದೆವು. ಅಷ್ಟು ದೊಡ್ಡ ಮನೆಯಲ್ಲಿ ಗುಡಿಸುವವರು ಎಷ್ಟು ಜನ ಇದ್ದರೋ ಎಂದು ಅಮ್ಮ ಕೇಳುತ್ತಲೇ ಇದ್ದಳು. ಮಧ್ಯಾಹ್ನ, ಅಮ್ಮನ ಆಸೆಯಂತೆ, ಬೇರೆಯವರು ಬೇಯಿಸಿದ್ದನ್ನು ತಿನ್ನಲು ಒಂದು ಹೋಟೆಲಿಗೆ ಹೋದೆವು. ಕೂತ ಕೂಡಲೇ ಅತ್ತೆ ತನ್ನ ತರಿಯ ಗಂಟಲಲ್ಲಿ, "ಕೂಳು ಐತಾ ತಂಬಿ?" ಎಂದಳು. ಸುತ್ತಲಿನ ಮೇಜಿನವರು ತಿರುಗಿದರು. ಬಡಿಸುವವನು ಅವಳನ್ನು ಮೇಲಿಂದ ಕೆಳಗೆ ನೋಡಿ, ನಕ್ಕು, ತಮಿಳಿನಲ್ಲಿ, "ಶಾಪ್ಪಾಡು ಇರುಕ್ಕುಮ್ಮಾ", ಊಟ ಇದೆಯಮ್ಮಾ, ಎಂದ.

ನಾನು ನಾಚಿಕೆಯಿಂದ ಅತ್ತೆಯ ಮೊಣಕೈ ಎಳೆದು, "ಊಟ ಅನ್ಬೇಕು ಅತ್ತೆ, ಇಲ್ಲಿ ಕೂಳು ಅಂದ್ರೆ ಕೆಟ್ಟ ಮಾತು" ಎಂದೆ. ಅವಳು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಸಿಟ್ಟಿರಲಿಲ್ಲ.

"ನಮ್ಮವ್ವ ನನಗೆ ಉಣ್ಸಿದ್ದು ಕೂಳೇ," ಎಂದಳು. "ಕೆಟ್ಟದ್ದು ಉಣ್ಸಿದ್ಲಾ?"

ಇದೇ ಮಾತನ್ನು ಸಹನಾಳ ಮುಂದೆ ನಾನೇ ಹೆಮ್ಮೆಯಿಂದ ಹೇಳಿದ್ದೆ. ಒಂದು ಹೋಟೆಲಿನ ನಾಲ್ಕು ಮೇಜು ತಿರುಗಿ ನೋಡಿದ್ದಕ್ಕೆ ಬಿಟ್ಟುಕೊಟ್ಟಿದ್ದೆ. ಎಲೆ ಬಂತು, ಉಂಡೆವು. ಅತ್ತೆ ತಲೆ ಎತ್ತಲಿಲ್ಲ. ಇಲ್ಲಿಗೆ ಕರೆತಂದದ್ದೇ ತಪ್ಪಾಯಿತೇನೋ ಎನಿಸಿ ನಾನು ಉಳಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿದೆ.

ವಾಪಸ್ಸು ಬಸ್ಸಿಗೆ ಇನ್ನೂ ಹೊತ್ತಿತ್ತು. ಮಾರ್ಕೆಟ್ಟಿನೊಳಗೆ ನಡೆದೆವು. ಹೂವಿನ ಸಾಲು, ಕುಂಕುಮದ ಗುಡ್ಡೆಗಳು, ವೀಳ್ಯದೆಲೆಯ ಹಸಿ ವಾಸನೆ. ಮೂಲೆಯಲ್ಲಿ ಒಬ್ಬ ಹೆಂಗಸು ರಸಬಾಳೆ ಹಣ್ಣು ಮಾರುತ್ತಿದ್ದಳು. ಅತ್ತೆಯ ವಯಸ್ಸೇ, ಹಣೆಯ ತುಂಬ ಕುಂಕುಮ. ಅತ್ತೆ ನಿಂತಳು. ಒಂದು ಚಿಪ್ಪು ಎತ್ತಿ ಹಣ್ಣಿನ ಮೇಲೆ ಹೆಬ್ಬೆರಳು ಆಡಿಸಿ, "ಇದೆಂಗೆ?" ಎಂದಳು.

ಹಣ್ಣಿನವಳು ಅತ್ತೆಯ ದನಿ ಕೇಳಿ ತಮಿಳಿನಲ್ಲೇ ಬೆಲೆ ಹೇಳಿದಳು.

"ನಾನು ಕನ್ನಡದಲ್ಲಿ ಕೇಳ್ದೆ," ಎಂದಳು ಅತ್ತೆ. "ನೀನೂ ಕನ್ನಡದಲ್ಲಿ ಹೇಳು."

"ನಿಮಗೆ ತಿಳೀಲಿ ಅಂತ ಹೇಳ್ದೆ ಕಣಮ್ಮ."

"ನನಗೆ ತಿಳಿಯತ್ತೆ. ಹುಟ್ದಾಗಿಂದ ಇದೇ ಮಾತು. ಹಣ್ಣಿಗೆ ಇಷ್ಟೊಂದಾ? ಇದರ ಹೊಟ್ಟೇಲಿ ಚಿನ್ನ ಐತಾ?"

"ಚಿನ್ನ ಬೇಕಾದ್ರೆ ಚಿನ್ನದಂಗಡಿಗೆ ಹೋಗಿ. ಇದು ರಸಬಾಳೆ."

"ತೊಟ್ಟು ಕೊಳ್ತೈತೆ. ನಿನ್ನೇದು."

"ಯಾರ್ ಹೇಳಿದ್ದು ನಿನ್ನೇದು? ಬೆಳಗ್ಗೆ ಗಾಡಿಯಿಂದ ಇಳಿಸಿದ್ದು. ಕಣ್ಣು ಕಾಣಲ್ವಾ ನಿಮ್ಗೆ?"

"ಕಣ್ಣು ಬೇಡ ನನಗೆ, ಬೆರಳು ಸಾಕು. ಎಂಥ ಬಟ್ಟೇಲೂ ಎಳೆ ತಪ್ಪಿದ್ರೆ ಹೇಳ್ತೀನಿ. ನಿನ್ನ ಹಣ್ಣು ಯಾವ ಲೆಕ್ಕ?"

"ಹಾಗಾದ್ರೆ ಬಟ್ಟೆ ಮುಟ್ಕೊಂಡಿರಿ. ನನ್ನ ಹಣ್ಣು ಅಮುಕಬೇಡಿ. ತಗೊಳ್ಳೋದಾದ್ರೆ ತಗೊಳ್ಳಿ, ಇಲ್ಲಾಂದ್ರೆ ಮುಂದಕ್ಕೆ ನಡೀರಿ, ಸುಮ್ನೆ ತಲೆ ತಿನ್ಬೇಡಿ."

ಅಪ್ಪ ಗಾಬರಿಯಾಗಿ ಹೆಜ್ಜೆ ಮುಂದಿಟ್ಟ. ಅಮ್ಮ ಅವನ ಶರ್ಟು ಹಿಡಿದು ನಿಲ್ಲಿಸಿದಳು. ಅತ್ತೆಯ ಕುತ್ತಿಗೆಯ ನರ ಉಬ್ಬಿತ್ತು, ಕಣ್ಣು ಹೊಳೆಯುತ್ತಿತ್ತು. ನಾವು ಮನೆಯಲ್ಲಿ ಮಾತ್ರ ಕೇಳಿದ್ದ ಮಾತುಗಳು, ಅಜ್ಜಿಯ ಕಾಲದ್ದು, ಅವಳ ಬಾಯಿಂದ ಒಂದರ ಹಿಂದೊಂದು ಬಂದವು. ಅರ್ಧಕ್ಕರ್ಧ ಹಣ್ಣಿನವಳಿಗೆ ಅರ್ಥವಾಗಿರಲಾರದು, ಆದರೆ ಒಂದಕ್ಕೂ ಅವಳು ಉತ್ತರ ಕೊಡದೆ ಬಿಡಲಿಲ್ಲ. ಪಕ್ಕದ ಹೂವಿನವನು ಕಟ್ಟುವುದು ನಿಲ್ಲಿಸಿ ನೋಡುತ್ತಿದ್ದ. ಎಷ್ಟು ಹೊತ್ತು ನಡೆಯಿತೋ. ಕೊನೆಗೆ ಇಬ್ಬರಿಗೂ ಉಸಿರು ಸಾಲದಾಯಿತು. ಅತ್ತೆ ಸೆರಗಿನ ಗಂಟು ಬಿಚ್ಚಿ, ಹಣ್ಣಿನವಳು ಮೊದಲು ಹೇಳಿದ ಬೆಲೆಯನ್ನೇ ಕೊಟ್ಟಳು.

ಹಣ್ಣಿನವಳು ದುಡ್ಡು ನೋಡಿ, ಅತ್ತೆಯ ಮುಖ ನೋಡಿ, "ಯಾವೂರಮ್ಮ ನಿಮ್ದು?" ಎಂದಳು.

"ಕೊಯಮತ್ತೂರು ಕಡೆ."

"ಅಲ್ಲೂ ನಮ್ಮೋರು ಇದ್ದಾರಾ?"

"ಇದ್ದೀವಿ," ಎಂದಳು ಅತ್ತೆ.

ಹಣ್ಣಿನವಳು ಇನ್ನೆರಡು ಹಣ್ಣು ಮೇಲೆ ಹಾಕಿದಳು. ಬಸ್ಸಿನಲ್ಲಿ ಆ ರಸಬಾಳೆ ತಿಂದೆವು. ತೊಟ್ಟು ಕೊಳೆತಿರಲಿಲ್ಲ, ಅದು ಅತ್ತೆಗೂ ಗೊತ್ತಿತ್ತು. ಘಾಟಿ ಇಳಿಯುವಾಗ ಅವಳು ನನ್ನ ಹೆಗಲಿಗೆ ತಲೆಯಿಟ್ಟು, "ನೋಡ್ದಾ ಕಣ್ಣು, ಒಂದು ಕಡೇನೂ ಮಾತು ನಿಲ್ಲಲಿಲ್ಲ" ಎಂದಳು.

ಮಂಗಳವಾರ ಕ್ಲಾಸಿನಲ್ಲಿ ಚಾರ್ಟು ಹಿಡಿದು ನಿಂತೆವು. ಐದು ಜನವೂ ಅದರಲ್ಲಿದ್ದರು. ಹೋಗಿಬಂದೆವು ಮಿಸ್ ಎಂದಾಗ ಶಾಂತಿ ಮಿಸ್, "ಹೋಗಿಬಂದದ್ದಕ್ಕೆ ಸಂತೋಷ. ಪ್ರಶ್ನೆಯಲ್ಲಿ ನಾಲ್ಕು ಜನ ಇತ್ತು" ಎಂದು ಹನ್ನೆರಡು ಮಾರ್ಕು ಹಾಕಿದರು. ಆ ವರ್ಷ ಸಹನಾ ಎರಡನೆಯವಳಾಗಿಯೇ ಉಳಿದಳು. ರಜೆಯಲ್ಲಿ ಅವಳೇ ನನಗೆ ಅ ಆ ಇ ಈ ಕಲಿಸಿದಳು. ಇದನ್ನು ನನಗೆ ಕನ್ನಡದಲ್ಲಿ ಬರೆಯಲಾಗುತ್ತಿರುವುದು ಅದರಿಂದ.

ಮುಷ್ಕರ ಇನ್ನೂ ಎರಡು ವಾರ ನಡೆಯಿತು. ನಮ್ಮ ಬೀದಿಯಲ್ಲಿ ಯಾರೂ ಮೊದಲು ಸ್ವಿಚ್ಚು ಹಾಕಲಿಲ್ಲ. ಕೂಲಿ ಏರಿತು, ಕೇಳಿದಷ್ಟಲ್ಲ. ಬರುವ ವರ್ಷ ಕನ್ಯಾಕುಮಾರಿ ಎಂದ ಅಪ್ಪ. ಬರುವ ವರ್ಷ ತರಿ ಓಡುತ್ತಿತ್ತು, ಅದರ ಮುಂದಿನ ವರ್ಷವೂ ಓಡುತ್ತಿತ್ತು. ಐದು ಜನ ಒಟ್ಟಿಗೆ ಮತ್ತೆಲ್ಲೂ ಹೋಗಲಿಲ್ಲ. ನಾನು ಕಾಲೇಜಿಗೆ ಸೇರಿದ ಮೇಲೆ ತರಿಗಳು ಒಂದೊಂದಾಗಿ ಗುಜರಿಗೆ ಹೋದವು. ಶೆಡ್ಡನ್ನು ಈಗ ಹೊಲಿಗೆಯವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ರಂಗತ್ತೆ ತೀರಿಕೊಂಡು ಆರು ವರ್ಷ. ಕೊನೆಗೆ ಎರಡು ಕಿವಿಯೂ ಹೋಗಿ, ನಾವು ಏನು ಹೇಳಿದರೂ ಕೇಳುತ್ತಿರಲಿಲ್ಲ. ಅವಳು ಮಾತ್ರ ಮಾತಾಡುತ್ತಲೇ ಇದ್ದಳು, ನಾವು ತಲೆಯಾಡಿಸುತ್ತಿದ್ದೆವು. ಆ ಮಾತನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ, ನಾನೂ ಕೂಡ. ಅದು ನನ್ನ ತಪ್ಪು.

ನಾನೀಗ ಕೊಯಮತ್ತೂರಿನಲ್ಲಿದ್ದೇನೆ. ಗಂಡನ ಮನೆಮಾತು ತಮಿಳು. ಮಗಳಿಗೆ ನಾನು ಕನ್ನಡ ಆಡಿದರೆ ನನ್ನ ಬಾಯಿಂದ ಬರುವುದು ಪುಸ್ತಕದಿಂದ ಕಲಿತದ್ದು, ಸಹನಾಳ ಕನ್ನಡ. ಅತ್ತೆಯದನ್ನು ಆಡಲು ಹೋದರೆ ಎರಡು ವಾಕ್ಯಕ್ಕೆ ನಿಲ್ಲುತ್ತದೆ. ಅದಕ್ಕೆ ಮರುಮಾತು ಸಿಗುವುದು ಅಮ್ಮನಿಂದ ಮಾತ್ರ, ಅದೂ ಭಾನುವಾರದ ಫೋನಿನಲ್ಲಿ.

ಈ ಜೂನಿನಲ್ಲಿ ಮಗಳನ್ನು ಶಾಲೆಗೆ ಸೇರಿಸುವ ಅರ್ಜಿ ತುಂಬುತ್ತಿದ್ದೆ. ಮಾತೃಭಾಷೆ ಎಂಬ ಸಾಲಿನಲ್ಲಿ ನನ್ನ ಪೆನ್ನು ನಿಂತಿತು. ಗಂಡ ನೋಡಿ, "ತಮಿಳು ಅಂತ ಬರಿ, ಅವಳಿಗೆ ಕನ್ನಡ ನಾಲ್ಕು ಮಾತೂ ಬರಲ್ಲ" ಎಂದ. ಸುಳ್ಳಲ್ಲ. ನಾನು ಇಂಗ್ಲಿಷಿನಲ್ಲಿ ಕನ್ನಡ ಎಂದು ಬರೆದೆ. ಪಕ್ಕದಲ್ಲಿ ಸ್ವಲ್ಪ ಜಾಗ ಉಳಿದಿತ್ತು, ಅಲ್ಲಿ ಕನ್ನಡ ಅಕ್ಷರದಲ್ಲೂ ಬರೆದೆ.

"ಅದನ್ನ ಓದೋರು ಆ ಸ್ಕೂಲಲ್ಲಿ ಯಾರೂ ಇಲ್ಲ" ಎಂದ.

"ಇಲ್ದಿದ್ರೆ ಇಲ್ಲ" ಎಂದು ಅರ್ಜಿಯನ್ನು ಕವರಿಗೆ ಹಾಕಿದೆ.